‘ಆರಿದ ಆರತಿ’ ನನಗೆ ಹಿಡಿಸಲಿಲ್ಲ

ಈ ಸಭೆಯ ಯಜಮಾನಿಕೆ ವಹಿಸಿರುವ ನಮ್ಮ ಕನ್ನಡ ಸಂಘದ ಅಧ್ಯಕ್ಷರೂ ಶುಂಠಿ ಬೆಳೆಗಾರರೂ ಆದ ಶ್ರೀ ಪುಟ್ಟರಾಜು ಅವರೇ, ಮಡಿಕೇರಿಯಿಂದ ಬಂದು ಮುಖ್ಯ ಅತಿಥಿಯ ಆಸನವನ್ನು ಅಲಂಕರಿಸಿರುವ ಕಾಲೇಜು ಅಧ್ಯಾಪಕಿ ಡಾಕ್ಟರ್ ಮೈತ್ರೇಯಿಯವರೇ, ಹಾರ ಹಾಕಿಸಿಕೊಂಡು ಕುತ್ತಿಗೆ ತುರಿಸಿಕೊಳ್ಳುತ್ತಾ ಕುಳಿತಿರುವ ಇವತ್ತಿನ ಸನ್ಮಾನಿತ, ಚಲನಚಿತ್ರ ನಿರ್ದೇಶಕ, ನನ್ನ ಮಗ ಶಿಶಿರನೇ, ಮುಂದಿನ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಈಗಲೇ ಕೈಸನ್ನೆ ಮಾಡುತ್ತಿರುವ ನನ್ನ ಧರ್ಮಪತ್ನಿ ಮೂಕಾಂಬಿಕಾ ಅವರೇ, ಅಂಗಡಿಗೆ ಅರ್ಧ ಬಾಗಿಲು ಹಾಕಿ ಬಂದಿರುವ ಸುಂಟಿಕೊಪ್ಪದ ವರ್ತಕ ಬಂಧುಗಳೇ, ಕಾಫಿ ಪಿಕ್ಕಿಂಗ್ ಮುಗಿಸಿ ಕೈಕಾಲು ತೊಳೆದು ತೋಟದ ಲೈನ್ ಮನೆಗಳಿಂದ ನೇರ ಇಲ್ಲಿಗೇ ಬಂದಿರುವ ಅಕ್ಕತಂಗಿಯರೇ, ಒಟ್ಟಾರೆ ಸಭಿಕರೇ.

ನನ್ನ ಹೆಸರು ಶಾಮಣ್ಣ. ಇಲ್ಲಿರುವ ಹೆಚ್ಚಿನವರಿಗೆ ನಾನು ‘ಗಣಪತಿ ದೇವಸ್ಥಾನದ ಭಟ್ರು’. ಜೀವನವಿಡೀ ದೇವರ ಮುಂದೆ ಮಾತಾಡಿ ಅಭ್ಯಾಸವಾದವನು. ದೇವರು ಚಪ್ಪಾಳೆ ತಟ್ಟುವುದಿಲ್ಲ ನಿಜ, ಆದರೆ ಮಧ್ಯದಲ್ಲಿ ಎದ್ದು ಹೋಗುವುದೂ ಇಲ್ಲ. ನೀವು ಹಾಗಲ್ಲ. ಹಿಂದಿನ ಬಾಗಿಲಿನ ಹತ್ತಿರ ಉಪ್ಪಿಟ್ಟಿನ ಪಾತ್ರೆ ಬಂದದ್ದು ನನಗೂ ಕಾಣುತ್ತಿದೆ, ಆದ್ದರಿಂದ ಆದಷ್ಟು ಚಿಕ್ಕದಾಗಿ ಮುಗಿಸುತ್ತೇನೆ.

ನನಗೆ ಒಪ್ಪಿಸಿದ ಕೆಲಸ ಅಭಿನಂದನಾ ಭಾಷಣ. ಶಿಶಿರ ತೆಗೆದ ‘ಆರಿದ ಆರತಿ’ ಎಂಬ ಚಿತ್ರಕ್ಕೆ ಪ್ರಶಸ್ತಿ ಬಂದಿದೆ, ಹೊರರಾಜ್ಯದ ಚಿತ್ರೋತ್ಸವಗಳಿಗೆ ಹೋಗಿ ಬಂದಿದೆ, ಪತ್ರಿಕೆಗಳು ಪುಟಗಟ್ಟಲೆ ಹೊಗಳಿವೆ. ಇಂಥ ಸಂದರ್ಭದಲ್ಲಿ ಹೆತ್ತ ತಂದೆ ಏನು ಹೇಳಬೇಕು? ಹೆಮ್ಮೆಯಿಂದ ಎದೆ ಉಬ್ಬಿತು ಎನ್ನಬೇಕು. ಕಣ್ಣು ತುಂಬಿ ಬಂತು ಎನ್ನಬೇಕು. ಶಾಲು ಸರಿಪಡಿಸಿ ಕೂತುಬಿಡಬೇಕು. ಆದರೆ ಇಲ್ಲಿ ಒಂದು ಸಂಗತಿ ಇದೆ, ಅದು ನನಗೂ ನನ್ನ ಮಗನಿಗೂ ಮಾತ್ರ ಗೊತ್ತಿರುವುದು.

ಮೈಸೂರಿನಲ್ಲಿ ಮೊದಲ ಪ್ರದರ್ಶನ ಆದ ದಿನ, ಜನ ಎದ್ದು ನಿಂತು ಚಪ್ಪಾಳೆ ಹೊಡೆದ ಮೇಲೆ, ಇವನು ಗುಂಪನ್ನು ಬಿಡಿಸಿಕೊಂಡು ನನ್ನ ಹತ್ತಿರ ಬಂದ. “ಹೇಗಿತ್ತು ಅಪ್ಪಾ?” ಅಂತ ಕೇಳಿದ. ನಾನು ಏನೆಂದೆ? “ಊಟಕ್ಕೆ ಎಲ್ಲಿ ಹೋಗುವುದು?” ಅಂದೆ. ಅವನು ಒಳ್ಳೆಯ ಹೋಟೆಲಿಗೇ ಕರೆದುಕೊಂಡು ಹೋದ. ಅಲ್ಲಿಂದ ಇವತ್ತಿನವರೆಗೆ ಮತ್ತೆ ಆ ಪ್ರಶ್ನೆ ಕೇಳಿಲ್ಲ. ವಾರವಾರ ಫೋನ್ ಮಾಡುತ್ತಾನೆ, ಮೆಣಸಿನ ರೇಟು ಕೇಳುತ್ತಾನೆ, ನನ್ನ ಮಂಡಿನೋವು ಕೇಳುತ್ತಾನೆ, ಚಿತ್ರದ ಮಾತು ಮಾತ್ರ ಎತ್ತುವುದಿಲ್ಲ. ಸಂಘದವರು ಅಭಿನಂದನಾ ಭಾಷಣ ಯಾರು ಮಾಡಬೇಕೆಂದು ವಿಚಾರಿಸಿದಾಗ, “ಅಪ್ಪ ಮಾತಾಡಲಿ” ಅಂದನಂತೆ. ನಾನೇನು ದಡ್ಡನೇ? ಅವನು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾನೆ. ಮೈಕಿನ ಮುಂದೆ ನಿಲ್ಲಿಸಿದರೆ ಊಟಕ್ಕೆ ಓಡಿಹೋಗಲು ಆಗುವುದಿಲ್ಲ ಎಂದು ಲೆಕ್ಕ ಹಾಕಿದ್ದಾನೆ.

ಆದ್ದರಿಂದ ಹೇಳಿಬಿಡುತ್ತೇನೆ. ಚಿತ್ರ ನನಗೆ ಹಿಡಿಸಲಿಲ್ಲ.

ಪುಟ್ಟರಾಜು ಅವರೇ, ಗಾಬರಿಯಾಗಬೇಡಿ, ಕೂತುಕೊಳ್ಳಿ. ಗಂಟೆ ಒತ್ತಬೇಡಿ. ಹೊಗಳಿಕೆ ಮುಂದೆ ಬರುತ್ತದೆ, ಬರಲೇಬೇಕಲ್ಲ, ಶಾಲು ಹೊದಿಸಿ ಆಗಿದೆ.

ಮೊದಲಿಗೆ ಆ ಹೆಸರು. ಆರತಿ ಆರಿತು ಎಂದು ನಮ್ಮ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ದೀಪ ಶಾಂತವಾಯಿತು ಎನ್ನುತ್ತೇವೆ, ದೀಪ ದೊಡ್ಡದಾಯಿತು ಎನ್ನುವವರೂ ಇದ್ದಾರೆ. ಅರ್ಚಕರ ಮಗನಾಗಿ ಹುಟ್ಟಿ ಇವನು ಅದನ್ನೇ ಹೆಸರಿಟ್ಟ, ಗೋಡೆಗೋಡೆಗೆ ಅಂಟಿಸಿದ. ನಾನು ದೇವಸ್ಥಾನಕ್ಕೆ ಹೋಗುವಾಗ ದಾರಿಯುದ್ದಕ್ಕೂ ಆರಿದ ಆರತಿ, ಆರಿದ ಆರತಿ. ಒಳಗೆ ಹೋಗಿ ಎರಡು ಬತ್ತಿ ಹೆಚ್ಚಿಗೆ ಹಾಕುತ್ತಿದ್ದೆ.

ಎರಡನೆಯದು ಮಂಜು. ಚಿತ್ರದಲ್ಲಿ ಮೊದಲಿನಿಂದ ಕೊನೆಯವರೆಗೆ ಮಂಜು. ಚಿತ್ರೀಕರಣ ನಡೆದದ್ದು ಕಾಫಿ ಕೊಯ್ಲಿನ ಹೊತ್ತಿನಲ್ಲಿ, ಕಣದಲ್ಲಿ ಕಾಫಿ ಕಟಕಟ ಒಣಗುವಂಥ ಬಿಸಿಲಿನಲ್ಲಿ. ಇವರು ಕಾದರು, ಕಾದರು, ಕೊನೆಗೆ ಮೈಸೂರಿನಿಂದ ಹೊಗೆ ಬಿಡುವ ಮೆಷಿನು ತರಿಸಿದರು. ಕೊಡಗಿಗೆ ಮಂಜನ್ನು ಬಾಡಿಗೆಗೆ ತಂದ ಮೊದಲ ಮನುಷ್ಯ ನನ್ನ ಮಗ. ಇದಕ್ಕೂ ಒಂದು ಸನ್ಮಾನ ಮಾಡಬಹುದಿತ್ತು.

ಇವೆಲ್ಲ ಸಣ್ಣ ಮಾತು. ದೊಡ್ಡ ಮಾತು ಬೇರೆ ಇದೆ. ಚಿತ್ರ ನೋಡದವರಿಗೆ ಕಥೆ ಹೇಳುತ್ತೇನೆ. ಒಂದು ಊರಿನಲ್ಲಿ ಒಬ್ಬ ಅರ್ಚಕ. ಅವನಿಗೆ ಒಬ್ಬನೇ ಮಗ. ಮಗನಿಗೆ ಪೂಜೆ ಬೇಡ, ಕ್ಯಾಮೆರಾ ಬೇಕು. ಅಪ್ಪ ಅವನೊಡನೆ ಮಾತು ಬಿಡುತ್ತಾನೆ. ವರ್ಷಗಟ್ಟಲೆ ಬಿಡುತ್ತಾನೆ. ತಾಯಿ ಬಾಗಿಲ ಸಂದಿಯಲ್ಲಿ ನಿಂತು ಸೆರಗಿನಲ್ಲಿ ಕಣ್ಣು ಒರೆಸುತ್ತಾಳೆ. ಕೊನೆಗೆ ಅಪ್ಪ ಸಾಯುತ್ತಾನೆ, ಮಗನಿಗೆ ಒಂದು ಒಳ್ಳೆಯ ಮಾತೂ ಹೇಳದೆ ಸಾಯುತ್ತಾನೆ. ಮಗ ಬಂದು ಕರ್ಮ ಮಾಡುತ್ತಾನೆ. ಮುಗಿಯಿತು.

ಆ ಅರ್ಚಕ ಯಾರು ಅಂತ ನಿಮಗೆ ಹೇಳಬೇಕೇ? ನಿರ್ದೇಶಕರು ತಮ್ಮ ಬದುಕನ್ನೇ ತೆರೆಗೆ ತಂದಿದ್ದಾರೆ ಎಂದು ಪತ್ರಿಕೆಯಲ್ಲಿ ಬಂತು. ಅದು ಬಂದ ಮಾರನೆಯ ದಿನ ಕರಿಕೆಯಿಂದ ನಮ್ಮ ಹಳೆಯ ಭಕ್ತರೊಬ್ಬರ ಫೋನ್ ಬಂತು. ಮೂಕಾಂಬಿಕಮ್ಮನಿಗೆ ನಾಲ್ಕು ಧೈರ್ಯದ ಮಾತು ಹೇಳಬೇಕಿತ್ತು ಅಂದರು. ಯಾಕೆ ಅಂದೆ. ಭಟ್ರು ಹೋಗಿಬಿಟ್ಟರಂತಲ್ಲ, ಅಂದರು. ಒಳ್ಳೆಯ ಮನುಷ್ಯ, ಸ್ವಲ್ಪ ಬಾಯಿ ಜಾಸ್ತಿ, ಅಂತಲೂ ಸೇರಿಸಿದರು. ಆಮೇಲೆ, ನೀವು ಯಾರು ಮಾತಾಡುವುದು ಎಂದು ಕೇಳಿದರು. “ಆ ಹೋದವನೇ ಮಾತಾಡುವುದು,” ಅಂದೆ. ಪಾಪ, ಫೋನ್ ಇಟ್ಟುಬಿಟ್ಟರು. ಮುಂದಿನ ಸಂಕಷ್ಟಿಗೆ ಬಂದು, ನನ್ನನ್ನು ಮುಟ್ಟಿ ನೋಡಿ, ಪ್ರಸಾದ ತೆಗೆದುಕೊಂಡು ಹೋದರು.

ಸಾಯಿಸಿದ್ದಕ್ಕೆ ನನಗೆ ಬೇಸರವಿಲ್ಲ ಸಭಿಕರೇ. ಚಿತ್ರದಲ್ಲಿ ಸತ್ತವರ ಆಯುಸ್ಸು ಗಟ್ಟಿ ಎನ್ನುತ್ತಾರೆ. ನನಗೆ ಬೇಸರವಾದದ್ದು ಆ ಮೌನಕ್ಕೆ. ಅಪ್ಪನೂ ಮಗನೂ ಊಟಕ್ಕೆ ಕೂರುವ ಒಂದು ದೃಶ್ಯವಿದೆ. ಅನ್ನ ಬಂತು, ಸಾರು ಬಂತು, ಮಜ್ಜಿಗೆ ಬಂತು, ಕೈ ತೊಳೆದು ಆಯಿತು, ಒಂದೇ ಒಂದು ಮಾತಿಲ್ಲ. ಮಜ್ಜಿಗೆ ಸುರಿಯುವ ಸದ್ದು ಮಾತ್ರ. ಡಾಕ್ಟರ್ ಮೈತ್ರೇಯಿಯವರು ಆ ದೃಶ್ಯದ ಬಗ್ಗೆಯೇ ಒಂದು ಲೇಖನ ಬರೆದಿದ್ದಾರೆ. ಮೌನವೇ ಈ ಚಿತ್ರದ ಭಾಷೆ ಎಂದಿದ್ದಾರೆ. ಮೇಡಂ, ನೀವು ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬನ್ನಿ. ಅನ್ನ ಬರುವುದಕ್ಕೆ ಮೊದಲೇ ನಾನು ಶುರು ಮಾಡಿರುತ್ತೇನೆ. ನಮ್ಮ ದೇವಸ್ಥಾನದ ಪಕ್ಕದ ಲೈನಿನ ಮುತ್ತಮ್ಮ, ಅಗೋ ಅಲ್ಲಿ ಕೂತಿದ್ದಾಳೆ, ಇದೇ ಹಾಲಿನಲ್ಲಿ ಮೊನ್ನೆ ಚಿತ್ರ ತೋರಿಸಿದಾಗ ನೋಡಿದವಳು, ಮಾರನೆಯ ದಿನ ಹೂವು ಕೊಡಲು ಬಂದು ನನ್ನ ಮುಖ ನೋಡಿ ಹೇಳಿದಳು: “ಅಲ್ಲಾ ಭಟ್ರೇ, ನೀವು ಅಷ್ಟೊತ್ತು ಬಾಯ್ ಮುಚ್ಕೊಂಡಿದ್ದು ನಾನ್ ಹುಟ್ಟಿದ್ಮೇಲೆ ನೋಡ್ಲಿಲ್ಲ. ಹುಷಾರಾಗಿದ್ದೀರಾ?”

ಇನ್ನು ಬಾಗಿಲ ಸಂದಿಯ ತಾಯಿ. ನಮ್ಮ ಮೂಕಾಂಬಿಕಾ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿ ನಿವೃತ್ತಿಯಾದವಳು. ಬಾಗಿಲ ಸಂದಿಯಲ್ಲಿ ನಿಲ್ಲುವುದು ಹೋಗಲಿ, ಅವಳು ಬರುವಾಗ ಬೇರೆಯವರು ಬಾಗಿಲ ಸಂದಿ ಹುಡುಕುತ್ತಿದ್ದರು. ನಗು, ನಗು, ನೀನೂ ನಗು. ನಿನ್ನ ಮಗನೇ ತೆಗೆದದ್ದು.

ಹಾಗಾದರೆ ನಾನು ಮಗನೊಡನೆ ಮಾತಾಡಲಿಲ್ಲವೇ? ಎಷ್ಟು ಮಾತಾಡಿಲ್ಲ! ಇವನು ಹತ್ತನೆಯ ತರಗತಿಯಲ್ಲಿರುವಾಗ, ನನಗೆ ಪೂಜೆ ಮಾಡುವುದಕ್ಕೆ ಇಷ್ಟವಿಲ್ಲ ಎಂದು ಬಂದು ಹೇಳಿದ. ಚಿತ್ರದಲ್ಲಿ ಆ ಅರ್ಚಕ ಎದ್ದು ಹೋಗಿ ದೇವರ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ನಾನು ಹಾಗೆ ಮಾಡಿದೆನೇ? ಇಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು, ಕುಶಾಲನಗರದ ರಸ್ತೆ ಎಷ್ಟು ಹಾಳಾಗಿದೆ ಎನ್ನುವುದನ್ನು ಸಂಜೆಯವರೆಗೆ ವಿವರಿಸಿದೆ. ಒಂದೇ ಒಂದು ಬೈಗುಳವಿಲ್ಲ. ಇವನಿಗೆ ಸಿನಿಮಾ ಶಾಲೆಯಲ್ಲಿ ಸೀಟು ಸಿಕ್ಕಿದ ದಿನ ಮನೆಯಲ್ಲೆಲ್ಲ ಸಂಭ್ರಮ. ನಾನೂ ಸುಮ್ಮನಿರಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದೆ, ಕಿಟಕಿಯ ಪಕ್ಕ ಕೂರಬೇಡ, ಗಾಳಿಗೆ ಶೀತವಾಗುತ್ತದೆ ಎಂದೆ, ಬಸ್‌ಸ್ಟ್ಯಾಂಡಿನವರೆಗೆ ಬಂದು ಕಂಡಕ್ಟರನಿಗೂ ಅದನ್ನೇ ಹೇಳಿದೆ. ಇವನ ಮೊದಲ ಸಣ್ಣ ಚಿತ್ರಕ್ಕೆ ಬಹುಮಾನ ಬಂತೆಂದು ಫೋನ್ ಮಾಡಿದಾಗ, ಕೆಮ್ಮು ಕಡಿಮೆಯಾಯಿತೇ ಎಂದು ವಿಚಾರಿಸಿದೆ. ಈ ಚಿತ್ರ ತೆಗೆಯುತ್ತೇನೆಂದು ಬಂದಾಗಲೂ ಅಷ್ಟೇ, ಊಟತಿಂಡಿಗೆ ಯಾರನ್ನು ಹಿಡಿದಿದ್ದೀಯ, ನೀರು ಕುದಿಸಿ ಕುಡಿಯಿರಿ ಎಂದೆ.

ಇದು ಮಾತಲ್ಲವೇ? ಇದು ಪ್ರೀತಿಯಲ್ಲವೇ? ಸಭಿಕರೇ, ನೀವೇ ಹೇಳಿ.

ಮುತ್ತಮ್ಮಾ, ಇಲ್ಲವೆಂದು ಯಾಕೆ ತಲೆ ಅಲ್ಲಾಡಿಸುತ್ತೀಯ?

ಮೂಕಾಂಬಿಕಾ ಅವತ್ತು ಮೈಸೂರಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಮಾತು ಹೇಳಿದಳು. ಹೇಳಬಾರದೆಂದಿದ್ದೆ, ಬಾಯಿಗೆ ಬಂದುಬಿಟ್ಟಿತು. “ಮಗ ಸುಳ್ಳು ತೆಗೀಲಿಲ್ಲ. ನಿಮ್ಮ ಮಾತಿನಲ್ಲಿ ಬೇಕಾದ್ದೊಂದು ಬಿಟ್ಟು ಬಾಕಿ ಎಲ್ಲ ಇರ್ತದೆ” ಅಂದಳು. ನನಗೆ ಸಿಟ್ಟು ಬಂತು. ಹುಣಸೂರು ದಾಟುವವರೆಗೆ ನಾನು ಬಾಯಿಬಿಡಲಿಲ್ಲ. ಅವಳು ಅದನ್ನು ಗಮನಿಸಿ, ಈಗ ಚಿತ್ರದಲ್ಲಿದ್ದ ಹಾಗೇ ಕಾಣ್ತೀರಿ, ಅಂದಳು.

ಇರಲಿ. ಪೂಜೆಯ ವಿಷಯದಲ್ಲಿ ನನಗೆ ಕೊರಗಿಲ್ಲ, ಇದನ್ನು ಎಲ್ಲರೆದುರು ಸ್ಪಷ್ಟಪಡಿಸುತ್ತೇನೆ. ನನ್ನ ತಮ್ಮನ ಮಗ ಸ್ಕಂದ ಈಗ ದೇವಸ್ಥಾನಕ್ಕೆ ಬರುತ್ತಿದ್ದಾನೆ. ಒಳ್ಳೆಯ ಕಂಠ, ಒಳ್ಳೆಯ ಅಲಂಕಾರ. ಗಣಪತಿ ನನ್ನ ಕಾಲದಲ್ಲಿ ಇಷ್ಟು ಚಂದ ಕಂಡದ್ದಿಲ್ಲ. ನನಗೂ ಬೆಳಿಗ್ಗೆ ಎರಡನೆಯ ಕಾಫಿ ಕುಡಿಯಲು ಸಮಯ ಸಿಗುತ್ತದೆ. ಸುಖವಾಗಿದ್ದೇನೆ.

ಈಗ ಆ ಕೊನೆಯ ದೃಶ್ಯಕ್ಕೆ ಬರುತ್ತೇನೆ. ಪತ್ರಿಕೆಗಳು ಅತಿ ಹೆಚ್ಚು ಹೊಗಳಿದ್ದು ಅದನ್ನೇ. ಅಪ್ಪನ ಶವ ಅಂಗಳದಲ್ಲಿದೆ, ಮಗ ಎದುರಿಗೆ ಕೂತಿದ್ದಾನೆ, ಪುರೋಹಿತರೊಬ್ಬರು ಮಂತ್ರ ಹೇಳುತ್ತಾರೆ. ಆ ಪುರೋಹಿತರು ನಾನೇ. ಮಂಜಿನ ಮಧ್ಯೆ ನಿಮಗೆ ಗುರುತು ಸಿಕ್ಕಿರಲಿಕ್ಕಿಲ್ಲ, ಬಾಡಿಗೆಗೆ ತಂದ ಮಂಜು ಬಹಳ ದಪ್ಪ.

ಅದು ಹೇಗಾಯಿತೆಂದರೆ, ಆ ಪಾತ್ರಕ್ಕೆ ಬರಬೇಕಾಗಿದ್ದ ನಟರು ಜ್ವರ ಬಂದು ಮಲಗಿದರು. ಎಲ್ಲರೂ ಸೇರಿದ್ದರು, ಮುತ್ತಮ್ಮ ಮತ್ತು ಅವಳ ಜೊತೆಯವರು ಅಳುವುದಕ್ಕೆಂದು ಪಿಕ್ಕಿಂಗ್ ಬಿಟ್ಟು ಬಂದು ಸಾಲಾಗಿ ಕೂತಿದ್ದರು. ಶಿಶಿರ ಓಡಿಕೊಂಡು ದೇವಸ್ಥಾನಕ್ಕೆ ಬಂದ. ನಾನು ಆಗುವುದಿಲ್ಲ ಅಂದೆ. ದೇವಸ್ಥಾನದಲ್ಲಿ ಪೂಜೆ ಮಾಡುವವರು ಸಾವಿನ ಕರ್ಮ ಮಾಡಿಸಲು ಹೋಗುವುದಿಲ್ಲ, ಅದಕ್ಕೆ ಬೇರೆಯವರಿದ್ದಾರೆ. ಇದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದೂ ಅಲ್ಲದೆ ಜೀವಂತ ಮನುಷ್ಯನನ್ನು ಎದುರಿಗೆ ಮಲಗಿಸಿಕೊಂಡು ಆ ಮಂತ್ರವನ್ನು ನಾಲಿಗೆಯ ಮೇಲೆ ತರುವುದುಂಟೇ? ಆ ಶವ ಆಗಷ್ಟೇ ಬೀಡಿ ಸೇದಿ ಬಂದು ಮಲಗಿತ್ತು! ಇನ್ನೂ ಒಂದು ಸಂಗತಿ, ಕಥೆಯ ಪ್ರಕಾರ ಆ ಶವ ನಾನೇ. ತನ್ನ ಕರ್ಮಕ್ಕೆ ತಾನೇ ಮಂತ್ರ ಹೇಳಿದ ಭಟ್ಟ ಲೋಕದಲ್ಲಿ ಯಾರಿದ್ದಾನೆ?

ಶಿಶಿರ ಕೈ ಮುಗಿದ. ಬಾಯಿಗೆ ಬಂದ ಯಾವ ಮಂತ್ರವನ್ನಾದರೂ ಹೇಳಿ ಅಪ್ಪಾ, ತುಟಿ ಆಡಿದರೆ ಸಾಕು, ಧ್ವನಿಯನ್ನು ಆಮೇಲೆ ಬೇರೆ ಹಾಕಿಸುತ್ತೇನೆ, ಅಂದ. ಹಾಗೆ ಹೇಳಿದ ಮೇಲೆ ಒಪ್ಪಿಕೊಂಡೆ. ಹೋಗಿ ಕೂತೆ. ದೀಪ ಹಾಕಿದರು, ಹೊಗೆ ಬಿಟ್ಟರು. ಮುತ್ತಮ್ಮನ ಕಡೆಯವರಿಗೆ ಅಳು ಬರಲಿಲ್ಲ, ಹೊಗೆಗೆ ಕಣ್ಣೀರು ಬಂತು, ಅದೇ ಸಾಕೆಂದರು. ನಾನು ಗಣಪತಿಯ ಒಂದು ಮಂತ್ರ ಹೇಳಿ ಮುಗಿಸುವ ಅಂದುಕೊಂಡಿದ್ದೆ. ಕ್ಯಾಮೆರಾದ ಕಡೆ ನೋಡಿ ಎಂದರು. ನೋಡಿದೆ.

ಕ್ಯಾಮೆರಾದ ಪಕ್ಕದಲ್ಲಿ ಇವನು ನಿಂತಿದ್ದ. ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಗಡ್ಡ ಬಂದಿತ್ತು, ಕೆಳತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದ. ಎಲ್ಲಿ ಅಪ್ಪ ಎದ್ದು ಹೋಗಿಬಿಡುತ್ತಾನೋ ಅನ್ನುವ ಹೆದರಿಕೆ ಆ ಮುಖದಲ್ಲಿ. ಬೆಳಗಿನ ಚಳಿಗೆ ಅವನ ಕಿವಿ ಕೆಂಪಾಗಿತ್ತು. ಸಭಿಕರೇ, ಇಷ್ಟು ದೊಡ್ಡವನಾಗಿ, ಇಷ್ಟು ಜನಕ್ಕೆ ಅಪ್ಪಣೆ ಕೊಡುವವನಾಗಿ, ನನ್ನ ಎದುರು ಇನ್ನೂ ಹೆದರುತ್ತಾನಲ್ಲ ಅನಿಸಿತು. ಆ ಹೊತ್ತಿಗೆ ಬಾಯಿಗೆ ಬಂದದ್ದು ಗಣಪತಿಯ ಮಂತ್ರವಲ್ಲ. ಬೇರೊಂದು ಬಂತು. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲು ಆಗಲಿಲ್ಲ, ಅವರು ಸಾಕು ಎನ್ನುವವರೆಗೆ ಮತ್ತೆ ಮತ್ತೆ ಅದನ್ನೇ ಹೇಳಿದೆ.

ಆ ಧ್ವನಿಯನ್ನು ಇವರು ಬದಲಾಯಿಸಲೇ ಇಲ್ಲ. ಧ್ವನಿ ಹಿಡಿಯುವವರು ಒಪ್ಪಲಿಲ್ಲವಂತೆ, ಇದರಲ್ಲಿ ಏನೋ ಇದೆ, ಇದೇ ಇರಲಿ ಎಂದರಂತೆ. ಅವರಿಗೆ ಆ ಕೆಲಸಕ್ಕೆ ಪ್ರಶಸ್ತಿಯೂ ಬಂತು. ಮೈತ್ರೇಯಿಯವರೇ, ತಪ್ಪು ತಿಳಿಯಬೇಡಿ, ನಿಮ್ಮ ಲೇಖನವನ್ನು ನಾನು ಎರಡು ಸಲ ಓದಿದ್ದೇನೆ. ಆ ಗಂಭೀರ ಮೃತ್ಯುಘೋಷ ಕೇಳಿ ಮೈ ನಡುಗಿತು ಎಂದು ಬರೆದಿದ್ದೀರಿ. ನಿಮ್ಮದೇನೂ ತಪ್ಪಿಲ್ಲ, ಭಟ್ಟರು ಏನು ಹೇಳಿದರೂ ಗಂಭೀರವಾಗಿಯೇ ಕೇಳಿಸುತ್ತದೆ. ಆದರೆ ಅದು ಸಾವಿನ ಮಂತ್ರವಲ್ಲ. ಮಗು ಹುಟ್ಟಿದ ಮೇಲೆ, ನಾಮಕರಣದ ದಿನ, ತಂದೆ ಅದನ್ನು ಮೊದಲ ಸಲ ಎತ್ತಿಕೊಂಡು ಅದರ ಕಿವಿಯಲ್ಲಿ ಹೇಳುವ ಮಂತ್ರ.

ಮೈಸೂರಿನ ಆ ದೊಡ್ಡ ಥಿಯೇಟರಿನಲ್ಲಿ ಅದು ಗೊತ್ತಾದದ್ದು ಒಬ್ಬಳಿಗೆ ಮಾತ್ರ. ಸುತ್ತಮುತ್ತ ಎಲ್ಲರೂ ಕರ್ಚೀಫು ತೆಗೆದು ಮೂಗು ಒರೆಸಿಕೊಳ್ಳುತ್ತಿದ್ದಾಗ ಮೂಕಾಂಬಿಕಾ ನನ್ನ ತೋಳು ಚಿವುಟಿದಳು. ಇದು ಶಿಶಿರನ ನಾಮಕರಣದ ದಿನ ಹೇಳಿದ್ದಲ್ಲವೇ ಎಂದು ಕೇಳಿದಳು. ಅವತ್ತು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಅವಳು, ಮರೆಯುವುದು ಹೇಗೆ? ಹೌದೆಂದೆ. ಅವಳಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡಳು. ಹಿಂದಿನವರು ದುಃಖ ತಡೆಯಲಾಗದೆ ಹಾಗೆ ಮಾಡುತ್ತಿದ್ದಾಳೆಂದು ಅವಳ ಬೆನ್ನು ಸವರಿದರು. ನಗುತ್ತಾ ನಗುತ್ತಾ ಅವಳು ಕೊನೆಗೆ ಅತ್ತದ್ದೂ ಹೌದು.

ಶಿಶಿರಾ, ನಿನಗೆ ಗೊತ್ತಾಗಲಿಲ್ಲ. ಗೊತ್ತಾಗುವುದು ಹೇಗೆ, ಮಂತ್ರಪಾಠಕ್ಕೆ ಕೂರಿಸಿದಾಗಲೆಲ್ಲ ನೀನು ಹೊರಗೆ ನೋಡುತ್ತಿದ್ದೆ. ನಾನಾದರೂ ಹೇಳಬಹುದಿತ್ತು, ಹೇಳಲು ಬಂದಾಗ ಊಟದ ಮಾತು ಬಂತು. ಈಗ ಈ ಕಡೆ ತಿರುಗು. ಹಾರ ಬಿಡು, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ಹೇಗಿತ್ತು ಅಪ್ಪಾ ಎಂದು ಕೇಳಿದೆಯಲ್ಲ. ಚಿತ್ರ ಹಿಡಿಸಲಿಲ್ಲ ಮಗಾ, ಅದು ಸುಳ್ಳಲ್ಲ. ನಿನ್ನ ಚಿತ್ರದ ಅಪ್ಪ ಮಗನಿಗೆ ಒಂದು ಮಾತೂ ಹೇಳದೆ ಹೋದ ಎಂದು ಲೋಕವೆಲ್ಲ ಅಳುತ್ತಿರುವಾಗ, ನಿನ್ನ ಅಪ್ಪ ಅದೇ ಪರದೆಯ ಮೇಲೆ, ಅದೇ ಅಂಗಳದಲ್ಲಿ ಕೂತು, ನಿನ್ನ ಮುಖ ನೋಡಿಕೊಂಡು ಹೇಳುತ್ತಲೇ ಇದ್ದ. ಸಂಸ್ಕೃತದಲ್ಲಿ ಹೇಳಿದ, ಅಷ್ಟೇ. ಇವತ್ತು ಕನ್ನಡದಲ್ಲಿ ಹೇಳುತ್ತೇನೆ, ಎಲ್ಲರೂ ಕೇಳಲಿ. ನೀನು ನನ್ನ ಎದೆಯೊಳಗಿಂದ ಬಂದವನು. ನೀನು ಅಂದರೆ ನಾನೇ. ನೂರು ವರ್ಷ ಬಾಳು, ನಿನಗೆ ಬೇಕಾದ ಚಿತ್ರ ತೆಗಿ. ಹಿಡಿಸದಿದ್ದರೆ ಹೇಳುವುದಕ್ಕೆ ನಾನಿದ್ದೇನೆ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲರಿಗೂ, ಈ ಮೈಕನ್ನು ನನ್ನ ಕೈಗೆ ಕೊಟ್ಟ ಸಂಘದವರಿಗೂ ನನ್ನ ವಂದನೆಗಳು. ನಮಸ್ಕಾರ.